ಚಂದ್ರಿಗೆ ಸಿಗದ ಊರ್ವಶಿ

ಕೊಪ್ಪದ ಕಡೆ ಕೊನೆಕೊಯ್ಲು ಶುರುವಾಯಿತೆಂದರೆ ರಾತ್ರಿ ಊಟವಾದ ಮೇಲೂ ಮನೆ ಮಲಗುವುದಿಲ್ಲ. ಚಪ್ಪರದ ಕೆಳಗೆ ಗ್ಯಾಸ್‌ಲೈಟು ಹಚ್ಚಿ, ಮೆಟ್ಟುಗತ್ತಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತರೆ ಹಸಿ ಅಡಿಕೆ ಸುಲಿಯುವ ಸದ್ದಿನ ಜೊತೆಗೇ ಮಾತೂ ಸಾಗುತ್ತದೆ. ಯಾರು ಎಷ್ಟು ಡಬ್ಬ ಸುಲಿದರು ಎಂಬ ಲೆಕ್ಕ ಬೆಳಿಗ್ಗೆಗೆ. ರಾತ್ರಿ ಏನಿದ್ದರೂ ಮಾತಿನದೇ ದರ್ಬಾರು.

1980ರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಆ ಚಪ್ಪರದಡಿ ಕೇಳಿದ ವಾದವೊಂದು ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಗಳ ಪ್ರಶಸ್ತಿವಿಜೇತ ಚಿತ್ರಗಳು ಬರುತ್ತಿದ್ದ ಕಾಲ ಅದು. ಬಿದಿರ ಗಳಕ್ಕೆ ಕಟ್ಟಿದ ಆಂಟೆನಾ ತಿರುಗಿಸಿ ತಿರುಗಿಸಿ, ಮಂಜು ಮುಸುಕಿದ ಪರದೆಯ ಮೇಲೆ ಮನೆಮಂದಿಯೆಲ್ಲ 'ಸಂಸ್ಕಾರ' ನೋಡಿದ್ದೆವು. ಮಾತು ಎತ್ತಿದವರು ದೊಡ್ಡಪ್ಪ.

"ಸಿನಿಮಾಕ್ಕೆ ಚಿನ್ನದ ಪದಕ ಕೊಟ್ರು, ಒಪ್ಪಿದೆ. ಪ್ರಾಣೇಶಾಚಾರ್ಯನ ಪಾರ್ಟು ಮಾಡಿದ ಕಾರ್ನಾಡರಿಗೆ ಏನೂ ಇಲ್ವಲ್ಲ, ಇದ್ಯಾವ ನ್ಯಾಯ?"

ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂತು ಹತ್ತಾರು ವರ್ಷ ಕಳೆದು ಬಂದಿದ್ದ ಭಾವ ಸುಲಿಯುವುದನ್ನು ನಿಲ್ಲಿಸಿದರು. "ಮಾವಯ್ಯ, ಆ ವರ್ಷ ಸಂಜೀವ್ ಕುಮಾರ್ 'ದಸ್ತಕ್‌'ನಲ್ಲಿ ಮಾಡಿದ್ದನ್ನ ನೀವು ನೋಡಿಲ್ಲ. ನೋಡಿದ್ರೆ ಹಂಗೆ ಹೇಳ್ತಿರ್ಲಿಲ್ಲ."

ಆಚೆ ತುದಿಯಲ್ಲಿ ಕೂತಿದ್ದ ಅತ್ತೆ ತಲೆ ಎತ್ತಲಿಲ್ಲ, ಕೈಯೂ ನಿಲ್ಲಲಿಲ್ಲ. "ಅಣ್ಣಯ್ಯ, ಇಬ್ರೂ ಗಂಡಸರ ಸುದ್ದಿನೇ ಆಡ್ತಿದೀರಿ. ಆ ಚಂದ್ರಿ ಕಾಣ್ಲೇ ಇಲ್ವ ನಿಮ್ಗೆ?"

ಮೂವರ ವಾದವೂ ನನ್ನೊಳಗೆ ಬೆಳೆಯುತ್ತ ಹೋಯಿತು. 1970ರಲ್ಲಿ ನಟನೆಯ ರಾಷ್ಟ್ರಪ್ರಶಸ್ತಿ ನ್ಯಾಯವಾಗಿ ಯಾರಿಗೆ ಸಲ್ಲಬೇಕಿತ್ತು? ನಮ್ಮ ಸೀಮೆಯಲ್ಲೇ ಚಿತ್ರೀಕರಣವಾದ ಸಿನಿಮಾದ ಪ್ರಶ್ನೆಯಿದು. ಹಾಗಾಗಿ ನಮಗೆ ಇದು ದೂರದ ದೆಹಲಿಯ ಸುದ್ದಿಯಲ್ಲ, ಮನೆಯದೇ ವ್ಯಾಜ್ಯ.

ವೈಕುಂಠಪುರ ದೂರ್ವಾಸಪುರವಾದ ಬಗೆ

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾದದ್ದು 1965ರಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅವರು ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ. ದೂರ ಕೂತು ನೆನೆದದ್ದಕ್ಕೋ ಏನೋ, ಕಾದಂಬರಿಯ ದೂರ್ವಾಸಪುರದಲ್ಲಿ ಮಲೆನಾಡಿನ ಪ್ರತಿ ಅಗ್ರಹಾರಕ್ಕೂ ತನ್ನ ಮುಖ ಕಂಡಿತು. ಕಥೆ ನಿಂತಿರುವುದು ಒಂದು ಹೆಣದ ಮೇಲೆ. ಆಚಾರ ಬಿಟ್ಟು, ಮಾಂಸ ತಿಂದು, ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ನಾರಣಪ್ಪ ಸತ್ತಿದ್ದಾನೆ. ಹೆಣ ಸುಡುವವರು ಯಾರು? ಅದು ತೀರ್ಮಾನವಾಗುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ವೇದಾಂತ ಶಿರೋಮಣಿ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಅಪ್ಪಣೆ ಬೇಡುತ್ತಾರೆ. ಗ್ರಂಥವೂ ಮಾತಾಡುವುದಿಲ್ಲ, ದೇವರೂ ಮಾತಾಡುವುದಿಲ್ಲ. ಅಷ್ಟರಲ್ಲಿ ಇಲಿಗಳು ಬೀಳತೊಡಗುತ್ತವೆ.

ಇದನ್ನು ಚಿತ್ರ ಮಾಡಲು ಹೊರಟವರು ಪಟ್ಟಾಭಿರಾಮ ರೆಡ್ಡಿ. ನೆಲ್ಲೂರು ಕಡೆಯ ತೆಲುಗು ಕವಿ, ಲೋಹಿಯಾ ವಿಚಾರಗಳಲ್ಲಿ ನಂಬಿಕೆಯಿದ್ದ ಸಮಾಜವಾದಿ. ನಿರ್ಮಾಣ ಸಂಸ್ಥೆಗೂ ರಾಮಮನೋಹರ ಚಿತ್ರ ಎಂದೇ ಹೆಸರಿಟ್ಟರು. ಆಗ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿದ್ದ ಗಿರೀಶ್ ಕಾರ್ನಾಡರು ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯನ ಪಾತ್ರವನ್ನೂ ವಹಿಸಿದರು. ಪಟ್ಟಾಭಿಯವರ ಪತ್ನಿ ಸ್ನೇಹಲತಾ ರೆಡ್ಡಿ ಚಂದ್ರಿಯಾದರು. ಅವರು ಮದ್ರಾಸ್ ಪ್ಲೇಯರ್ಸ್ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. ನಾರಣಪ್ಪನಾಗಿ ಪಿ. ಲಂಕೇಶ್, ಸಂಗೀತಕ್ಕೆ ಸರೋದ್ ವಾದಕ ರಾಜೀವ ತಾರಾನಾಥ್, ಕಲೆಗೆ ಎಸ್. ಜಿ. ವಾಸುದೇವ್. ಕ್ಯಾಮೆರಾ ಹಿಡಿದ ಟಾಮ್ ಕವನ್ ಆಸ್ಟ್ರೇಲಿಯಾದವರು. ಕವಿ, ನಾಟಕಕಾರ, ಕಥೆಗಾರ, ಚಿತ್ರಕಾರ, ಹೊರದೇಶದ ಛಾಯಾಗ್ರಾಹಕ ಹೀಗೆ ಸಿನಿಮಾ ಉದ್ಯಮದ ಹೊರಗಿನವರೇ ಹೆಚ್ಚಾಗಿ ಸೇರಿದ್ದ ಈ ತಂಡ ಬಂದಿಳಿದದ್ದು ಶೃಂಗೇರಿ ಸೀಮೆಯ ವೈಕುಂಠಪುರಕ್ಕೆ.

ಕೊಪ್ಪದಿಂದ ಹರಿಹರಪುರ ದಾಟಿ ಶೃಂಗೇರಿಗೆ ಹೋಗಿ ಬಂದವರಿಗೆ ಆ ಊರುಗಳ ಅಂದಿನ ಚಹರೆ ಗೊತ್ತು. ಎದುರುಬದುರು ಹಂಚಿನ ಮನೆಗಳು, ಉದ್ದ ಜಗಲಿ, ನಡುವೆ ಬೀದಿ, ಹಿತ್ತಿಲ ಹಿಂದೆ ತೋಟ, ಅದರ ಹಿಂದೆ ಕಾಡು. ಚಿತ್ರಕ್ಕೆ ಸೆಟ್ ಹಾಕುವ ಅಗತ್ಯವೇ ಇರಲಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಕಾಯಿದೆ ಬಂದ ಮೇಲೆ ಇಂಥ ಎಷ್ಟೋ ಅಗ್ರಹಾರಗಳ ಬದುಕಿನ ದಿಕ್ಕೇ ಬದಲಾಯಿತು. ಆ ಬದಲಾವಣೆಗೆ ಕೆಲವೇ ವರ್ಷ ಮೊದಲಿನ ಬೀದಿ, ಜಗಲಿ, ಮುಖಗಳು ಕಪ್ಪುಬಿಳುಪಿನಲ್ಲಿ ಹಾಗೇ ಉಳಿದಿವೆ.

ಸಿದ್ಧವಾದ ಚಿತ್ರಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ತಡೆ ಹಾಕಿತು. ಜಾತಿಯ ಭಾವನೆ ಕೆರಳೀತು ಎಂಬ ಅಂಜಿಕೆ. ಕೊನೆಗೆ ಕೇಂದ್ರದ ವಾರ್ತಾ ಸಚಿವಾಲಯವೇ ತಡೆ ತೆಗೆಯಬೇಕಾಯಿತು. ಹಾಗೆ ತೆರೆಗೆ ಬಂದ ಚಿತ್ರವೇ 1970ರ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಪದಕ ಪಡೆಯಿತು. ಮುಂದೆ ಸ್ವರ್ಣಕಮಲ ಎಂದು ಹೆಸರಾದ ಆ ಗೌರವ ಕನ್ನಡಕ್ಕೆ ಬಂದದ್ದು ಅದೇ ಮೊದಲು.

ಒಂದೇ ವರ್ಷ, ಎರಡು ಮನೆ

ನಟನಟಿಯರಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಆಗಿನ್ನೂ ಹೊಸದು. 1967ರ ಚಿತ್ರಗಳಿಂದ ಅದು ಆರಂಭವಾಗಿತ್ತು. ನಟನಿಗೆ ಭರತ್, ನಟಿಗೆ ಊರ್ವಶಿ ಎಂದು ಹೆಸರು. 1970ರ ಸಾಲಿನಲ್ಲಿ ಎರಡೂ ಒಂದೇ ಚಿತ್ರಕ್ಕೆ ಹೋದವು. ರಾಜಿಂದರ್ ಸಿಂಗ್ ಬೇದಿ ನಿರ್ದೇಶಿಸಿದ 'ದಸ್ತಕ್‌'ನ ಸಂಜೀವ್ ಕುಮಾರ್ ಮತ್ತು ರೆಹಾನಾ ಸುಲ್ತಾನ್ ಅವರಿಗೆ. ಸಂಗೀತದ ಪ್ರಶಸ್ತಿಯೂ ಅದೇ ಚಿತ್ರದ ಮದನ್ ಮೋಹನ್ ಅವರಿಗೆ.

ಭಾವ ಹೇಳಿದ್ದು ಸುಳ್ಳಲ್ಲ. ಎಷ್ಟೋ ವರ್ಷಗಳ ನಂತರ 'ದಸ್ತಕ್' ನೋಡಿದಾಗ ಅವರ ಮಾತು ನೆನಪಾಯಿತು. ಹೊಸದಾಗಿ ಮದುವೆಯಾದ ಹಮೀದ್ ಮತ್ತು ಸಲ್ಮಾ ಮುಂಬಯಿಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಅಲ್ಲಿ ಮೊದಲಿದ್ದವಳು ಮುಜ್ರಾ ಹಾಡುವವಳು ಎಂಬುದು ಆಮೇಲೆ ತಿಳಿಯುತ್ತದೆ. ರಾತ್ರಿಯಾದರೆ ಹಳೆಯ ಗಿರಾಕಿಗಳು ಬಂದು ಬಾಗಿಲು ಬಡಿಯುತ್ತಾರೆ. ಆ ಬಡಿತಕ್ಕೆ ಹಮೀದ್‌ನ ಮುಖದಲ್ಲಿ ಏಳುವ ಭಯ, ನಾಚಿಕೆ, ಸಿಟ್ಟು, ಕೊನೆಗೆ ಹೆಂಡತಿಯ ಮೇಲೇ ಹರಿಯುವ ಅಸಹನೆ ಎಲ್ಲವನ್ನೂ ಸಂಜೀವ್ ಕುಮಾರ್ ಬಿಡಿಬಿಡಿಯಾಗಿ ತೋರಿಸುತ್ತಾರೆ. ಅವರೂ ಕಾರ್ನಾಡರೂ ಹುಟ್ಟಿದ್ದು ಒಂದೇ ವರ್ಷ, 1938ರಲ್ಲಿ. ಕಾರ್ನಾಡರು ಮೇ ತಿಂಗಳಲ್ಲಿ, ಅವರು ಜುಲೈಯಲ್ಲಿ. ಒಬ್ಬರು ಆಗಲೇ ಸಿನಿಮಾದಲ್ಲಿ ಪಳಗಿದವರು, ಇನ್ನೊಬ್ಬರಿಗೆ ಕ್ಯಾಮೆರಾ ಎದುರು ಅದೇ ಮೊದಲು.

ಕಾರ್ನಾಡರ ಪಾಲಿಗೆ ಬಂದ ಪಾತ್ರ ಅದಕ್ಕಿಂತ ಕಷ್ಟದ್ದು. ಪ್ರಾಣೇಶಾಚಾರ್ಯನಿಗೆ ಹೊರಗಿನ ಶತ್ರುವಿಲ್ಲ. ಅರ್ಧ ಚಿತ್ರ ಓಲೆಗರಿಯ ಮುಂದೆ ಕೂತಿರುತ್ತಾನೆ, ಉಳಿದರ್ಧ ಗೊತ್ತುಗುರಿಯಿಲ್ಲದೆ ನಡೆಯುತ್ತಾನೆ. ಒಳಗಿನ ಬಿರುಕನ್ನು ನಡಿಗೆಯಲ್ಲಿ, ಕಣ್ಣು ತಗ್ಗಿಸುವುದರಲ್ಲಿ, ಪರಿಚಯದವರು ಎದುರಾದಾರೆಂಬ ಅಳುಕಿನಲ್ಲಿ ತೋರಿಸಬೇಕು. ಮೊದಲ ಸಲ ನಟಿಸಿದವರೊಬ್ಬರು ಇಷ್ಟು ಹಿಡಿತದಿಂದ ಮಾಡಿದ್ದು ಸಣ್ಣ ಮಾತಲ್ಲ. ಆದರೂ ದೊಡ್ಡಪ್ಪನ ಪಕ್ಷ ಹಿಡಿಯಲು ನನಗೆ ಆಗಿಲ್ಲ. ಚಿತ್ರಕಥೆ ಬರೆದ ಬುದ್ಧಿಯೇ ಪಾತ್ರದ ಮುಖದ ಮೇಲೂ ಕೂತಿದೆ. ಆಚಾರ್ಯ ಯೋಚಿಸುವುದು ನಮಗೆ ಕಾಣುತ್ತದೆ, ಬೇಯುವುದು ಅಷ್ಟಾಗಿ ಕಾಣುವುದಿಲ್ಲ. ನಟನ ಪ್ರಶಸ್ತಿ ಸಂಜೀವ್ ಕುಮಾರ್ ಅವರಿಗೆ ಹೋದದ್ದರಲ್ಲಿ ಅನ್ಯಾಯವಿಲ್ಲ.

ಅತ್ತೆಯ ಪ್ರಶ್ನೆಗೆ ಮಾತ್ರ ಅಷ್ಟು ಸುಲಭದ ಉತ್ತರವಿಲ್ಲ.

ಚಂದ್ರಿಯ ಪಕ್ಷ

ಕುಂದಾಪುರದಿಂದ ನಾರಣಪ್ಪನ ಜೊತೆ ಬಂದ ಚಂದ್ರಿಗೆ ಅಗ್ರಹಾರದಲ್ಲಿ ಯಾವ ಸ್ಥಾನವೂ ಇಲ್ಲ. ಅವಳು ಜಗಲಿ ಹತ್ತುವಂತಿಲ್ಲ. ಅಂಗಳದಲ್ಲಿ ನಿಂತು ಸಾವಿನ ಸುದ್ದಿ ಹೇಳುತ್ತಾಳೆ. ಜಗಲಿಯ ಮೇಲೆ ಚರ್ಚೆ ಏಳುತ್ತದೆ. ಸತ್ತವನ ಸಂಸ್ಕಾರ ಮಾಡಿದರೆ ತಮ್ಮ ಬ್ರಾಹ್ಮಣ್ಯ ಕೆಟ್ಟೀತು ಎಂಬುದು ಎಲ್ಲರ ಹೆದರಿಕೆ. ಆಗ ಅವಳು ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ, ಶವಸಂಸ್ಕಾರದ ಖರ್ಚಿಗೆಂದು. ಅಲ್ಲಿಗೆ ಇಡೀ ಅಗ್ರಹಾರದ ಬಣ್ಣ ಬಯಲಾಗುತ್ತದೆ. ತಾನು ಸಂಸ್ಕಾರ ಮಾಡಲಾರೆ ಎಂದವರೇ ಈಗ ಅದು ತನಗೇ ಬರಲಿ ಎಂದು ಒಳಗೊಳಗೇ ಲೆಕ್ಕ ಹಾಕತೊಡಗುತ್ತಾರೆ.

ಆ ದೃಶ್ಯದಲ್ಲಿ ಸ್ನೇಹಲತಾ ಮಾಡುವುದು ಬಹಳ ಕಡಿಮೆ. ಕಣ್ಣೀರಿನ ಹೊಳೆಯಿಲ್ಲ, ದೊಡ್ಡ ಮಾತಿಲ್ಲ. ನಿಂತ ಹೆಂಗಸಿನ ಸುತ್ತ ಅಷ್ಟೂ ಗಂಡಸರ ಮಾತು ಸಣ್ಣದಾಗುತ್ತ ಹೋಗುತ್ತದೆ. ಆಮೇಲೆ ಕಾಡಿನ ಕತ್ತಲಲ್ಲಿ, ಹಸಿದು ಸೋತ ಆಚಾರ್ಯರಿಗೆ ಎದುರಾಗುವವಳೂ ಅವಳೇ. ತಾನು ಸುಡಲಾಗದ ಹೆಣವನ್ನು ಬೇರೆಯವರ ನೆರವು ಬೇಡಿ ರಾತ್ರೋರಾತ್ರಿ ಸುಡಿಸಿ ಊರು ಬಿಡುವವಳೂ ಅವಳೇ. ಶಾಸ್ತ್ರ ಓದಿದವರು ಹುಡುಕುತ್ತಲೇ ಉಳಿದ ಉತ್ತರವನ್ನು ಚಂದ್ರಿ ಕೈಯಾರೆ ಮಾಡಿ ಮುಗಿಸುತ್ತಾಳೆ. ಹೋದ ಮೇಲೂ ಅವಳು ಚಿತ್ರ ಬಿಟ್ಟು ಹೋಗುವುದಿಲ್ಲ. ಆಚಾರ್ಯರ ಅಲೆದಾಟದ ಉದ್ದಕ್ಕೂ ಕಾಡುವುದು ಅವಳೇ.

'ದಸ್ತಕ್‌'ನ ಸಲ್ಮಾಳನ್ನು ಇವಳ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದಿದ್ದ ರೆಹಾನಾ ಸುಲ್ತಾನ್ ತೀರ ಹೊಸಬರು, ಪಾತ್ರ ಧೈರ್ಯದ್ದು, ನಟನೆಯೂ ಒಳ್ಳೆಯದೇ. ಎರಡೂ ಚಿತ್ರಗಳಲ್ಲಿ ಒಂದು ಮನೆ, ಒಬ್ಬ ಹೆಂಗಸು, ಅವಳ ಮೇಲೆ ಊರಿನ ಕಣ್ಣು. ಆದರೆ ಸಲ್ಮಾಳ ದುಃಖವೆಲ್ಲ ತಾನು ಅಂಥವಳಲ್ಲ ಎಂಬುದರ ಸುತ್ತ ಇದೆ. ನೋಡುವವನ ಮರುಕ ಸಲೀಸಾಗಿ ಅವಳ ಕಡೆ ಹರಿಯುತ್ತದೆ. ಚಂದ್ರಿ ಅಂಥವಳೇ. ಅದನ್ನು ಮರೆಸುವುದಿಲ್ಲ, ಅದಕ್ಕೆ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಮರುಕ ಬೇಡದ ಪಾತ್ರವನ್ನು ಗೌರವಕ್ಕೆ ಏರಿಸಿ ನಿಲ್ಲಿಸುವುದು ನಟಿಗೆ ಇನ್ನೂ ದೊಡ್ಡ ಸವಾಲು. ಸ್ನೇಹಲತಾ ಅದನ್ನು ಗೆದ್ದಿದ್ದಾರೆ. ಇಂದ್ರನ ಸಭೆಯ ಅಪ್ಸರೆಯ ಹೆಸರಿನ ಪ್ರಶಸ್ತಿಗೆ ಆ ವರ್ಷ ನನ್ನ ಕೈ ಎತ್ತುವುದು ಅವರ ಕಡೆಗೇ.

ಹಾಗಿದ್ದರೂ ಪ್ರಶಸ್ತಿ ಯಾಕೆ ಸಿಗಲಿಲ್ಲ? ಒಂದು ಕಾರಣ ನಿಯಮದಲ್ಲೇ ಇದೆ. ಪೋಷಕ ನಟ, ಪೋಷಕ ನಟಿ ಎಂಬ ವಿಭಾಗಗಳು ರಾಷ್ಟ್ರಪ್ರಶಸ್ತಿಯಲ್ಲಿ ಬಂದದ್ದೇ 1984ರ ಚಿತ್ರಗಳಿಂದ. 1970ರಲ್ಲಿ ಇದ್ದದ್ದು ಒಂದೇ ಪೀಠ. ಮೊದಲಿಂದ ಕೊನೆವರೆಗೆ ತೆರೆಯ ಮೇಲಿರುವ ನಾಯಕಿಯ ಜೊತೆಗೇ, ನಡುವೆ ಬಂದು ಹೋಗುವ ಚಂದ್ರಿಯೂ ತೂಗಬೇಕಿತ್ತು. ತೆರೆಯ ಮೇಲಿನ ನಿಮಿಷಗಳನ್ನು ಎಣಿಸಿದರೆ ಅವಳು ಸೋಲುತ್ತಾಳೆ. ಚಿತ್ರದ ಭಾರ ಯಾರ ಮೇಲಿದೆ ಎಂದು ನೋಡಿದರೆ ಅವಳಷ್ಟು ಹೊತ್ತವರು ಇನ್ನೊಬ್ಬರಿಲ್ಲ.

ನಟರನ್ನು ಹೀಗೆ ತಕ್ಕಡಿಗೆ ಹಾಕುವುದೇ ತಪ್ಪು ಎನ್ನುವವರೂ ಇದ್ದಾರೆ. ಅದೇ 1970ರ 'ಪ್ಯಾಟನ್' ಚಿತ್ರಕ್ಕಾಗಿ ಆಸ್ಕರ್ ಬಂದಾಗ ಜಾರ್ಜ್ ಸಿ. ಸ್ಕಾಟ್ ಅದನ್ನು ನಿರಾಕರಿಸಿದರು. ನಟರು ಒಬ್ಬರ ಮೇಲೊಬ್ಬರು ಪೈಪೋಟಿ ಮಾಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಆ ನಿಲುವಿನ ಮೇಲೆ ನನಗೆ ಗೌರವವಿದೆ. ಆದರೆ ಪ್ರಶಸ್ತಿ ಬೇಡ ಎನ್ನಲು ಮೊದಲು ಅದು ಬಾಗಿಲಿಗೆ ಬರಬೇಕು. ಯಾರ ಹೆಸರು ಪಟ್ಟಿಯಲ್ಲಿ ಉಳಿಯುತ್ತದೋ ಅವರ ಕೆಲಸ ಮುಂದಿನವರಿಗೆ ತಿಳಿಯುತ್ತದೆ. ಅದಕ್ಕಾಗಿಯೇ ಈ ವಾದ ಆಡಬೇಕಾದದ್ದು.

ಆರು ಕಮಲಗಳ ಲೆಕ್ಕ

1970ರದು ಒಂಟಿ ಪ್ರಸಂಗವಾಗಿದ್ದರೆ ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಕನ್ನಡಕ್ಕೆ ಬಂದ ಆರು ಅತ್ಯುತ್ತಮ ಚಿತ್ರ ಪ್ರಶಸ್ತಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ಅತ್ತೆಯ ಪ್ರಶ್ನೆ ಇನ್ನೂ ಚುಚ್ಚುತ್ತದೆ. 'ಸಂಸ್ಕಾರ' 1970, 'ಚೋಮನ ದುಡಿ' 1975, 'ಘಟಶ್ರಾದ್ಧ' 1977, 'ತಬರನ ಕಥೆ' 1986, 'ತಾಯಿ ಸಾಹೇಬ' 1997, 'ದ್ವೀಪ' 2001. ಇವುಗಳಲ್ಲಿ ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿಯವರ ಚಿತ್ರಗಳು.

ಚೋಮನಾಗಿ ನಟಿಸಿದ ಎಂ. ವಿ. ವಾಸುದೇವ ರಾವ್ ಆ ವರ್ಷದ ಅತ್ಯುತ್ತಮ ನಟರಾದರು. ತಬರನಾಗಿ ನಟಿಸಿದ ಚಾರುಹಾಸನ್ ಕೂಡ ಆದರು. ಎರಡೂ ಗಂಡಿನ ಕಥೆಗಳು, ಚಿತ್ರದ ಜೊತೆಗೇ ನಟನಿಗೂ ಮನ್ನಣೆ ಸಿಕ್ಕಿತು. ಹಾಗೇ ಆಗಬೇಕಿತ್ತು.

ಹೆಣ್ಣೊಬ್ಬಳ ಬದುಕು ಚಿತ್ರದ ಜೀವನಾಡಿಯಾಗಿದ್ದ ಕಡೆ ಬೇರೆಯೇ ಆಯಿತು. 'ಘಟಶ್ರಾದ್ಧ'ವೂ ಅನಂತಮೂರ್ತಿಯವರದೇ ಕಥೆ, ಮಲೆನಾಡಿನದೇ ಅಗ್ರಹಾರ. ಬಸಿರಾದ ವಿಧವೆ ಯಮುನಕ್ಕ ಬದುಕಿರುವಾಗಲೇ ತಂದೆ ಅವಳ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ತಲೆ ಬೋಳಿಸಿಕೊಂಡು ಮರದಡಿ ಕೂತ ಮೀನಾ ಕುಟ್ಟಪ್ಪ ಅವರ ಯಮುನೆಯನ್ನು ನೋಡಿದವರು ಮರೆತಿಲ್ಲ. ನಾಣಿಯಾಗಿ ನಟಿಸಿದ ಹುಡುಗ ಅಜಿತ್ ಕುಮಾರ್‌ಗೆ ಬಾಲನಟ ಪ್ರಶಸ್ತಿ ಬಂತು, ಸಂಗೀತಕ್ಕೆ ಬಿ. ವಿ. ಕಾರಂತರಿಗೆ ಬಂತು. ನಟಿಯ ಪ್ರಶಸ್ತಿ 'ಭೂಮಿಕಾ'ದ ಸ್ಮಿತಾ ಪಾಟೀಲ್ ಅವರದಾಯಿತು. ಸ್ಮಿತಾರ ನಟನೆಗೆ ಯಾರೂ ಕಡಿಮೆ ಅಂಕ ಕೊಡಲಾರರು. ಅದೇ 'ಭೂಮಿಕಾ'ದ ಚಿತ್ರಕಥೆಗೆ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ನಮ್ಮ ಪ್ರಾಣೇಶಾಚಾರ್ಯ, ಗಿರೀಶ್ ಕಾರ್ನಾಡರೂ ಒಬ್ಬರು.

1997ರಲ್ಲಿ 'ತಾಯಿ ಸಾಹೇಬ'ದ ಜಯಮಾಲಾ ಅವರಿಗೆ ತೀರ್ಪುಗಾರರ ವಿಶೇಷ ಗೌರವ ಸಂದಿತು. ಅತ್ಯುತ್ತಮ ನಟಿ ಪ್ರಶಸ್ತಿ ಬಂಗಾಳಿಯ 'ದಹನ್' ಚಿತ್ರದ ಇಬ್ಬರಿಗೆ ಹೋಯಿತು. 2001ರಲ್ಲಿ 'ದ್ವೀಪ'. ಮುಳುಗಡೆಯ ನೀರು ಸುತ್ತ ಏರುತ್ತಿರುವಾಗ ಮನೆಯನ್ನು ಎತ್ತಿ ಹಿಡಿಯುವ ನಾಗಿಯ ಪಾತ್ರದಲ್ಲಿ ಸೌಂದರ್ಯ ಇದ್ದರು. ಚಿತ್ರದ ನಿರ್ಮಾಪಕಿಯೂ ಅವರೇ ಆದ್ದರಿಂದ ಸ್ವರ್ಣಕಮಲ ಅವರ ಕೈ ಸೇರಿತು, ನಟಿಯ ಪ್ರಶಸ್ತಿ ಸೇರಲಿಲ್ಲ. ಆ ವರ್ಷ ಅದನ್ನು ಶೋಭನಾ ಮತ್ತು ತಬು ಹಂಚಿಕೊಂಡರು.

ಕನ್ನಡದ ನಟಿಯರಿಗೆ ರಾಷ್ಟ್ರಪ್ರಶಸ್ತಿ ಬರಲೇ ಇಲ್ಲವೆಂದಲ್ಲ. 1973ರಲ್ಲಿ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 2004ರಲ್ಲಿ 'ಹಸೀನಾ'ಕ್ಕೆ ತಾರಾ, 2007ರಲ್ಲಿ 'ಗುಲಾಬಿ ಟಾಕೀಸ್‌'ಗೆ ಉಮಾಶ್ರೀ ಪಡೆದರು. ಆದರೆ ದೇಶದ ಅತ್ಯುತ್ತಮ ಚಿತ್ರವೆನಿಸಿದ ನಮ್ಮ ಆರರಲ್ಲಿ, ಚಂದ್ರಿ, ಯಮುನೆ, ತಾಯಿ ಸಾಹೇಬ, ನಾಗಿ ಈ ನಾಲ್ವರಲ್ಲಿ ಒಬ್ಬಳಿಗೂ ಅತ್ಯುತ್ತಮ ನಟಿಯ ಪಟ್ಟ ಸಿಗಲಿಲ್ಲ. ಒಂದೊಂದು ವರ್ಷದ ತೀರ್ಪಿಗೂ ಅದರದೇ ಕಾರಣ ಇರಬಹುದು. ನಾಲ್ಕನ್ನೂ ಕೂಡಿಸಿದಾಗ ನನಗೆ ಕಾಣುವುದು ಇಷ್ಟು: ಈ ನಾಲ್ವರ ನಟನೆ ಹೆಚ್ಚಾಗಿ ಸಹಿಸುವುದರಲ್ಲಿ, ಸುಮ್ಮನಿರುವುದರಲ್ಲಿ, ದಿನದ ಕೆಲಸ ಮಾಡುತ್ತಲೇ ಇರುವುದರಲ್ಲಿ ಇದೆ. ಅಂಥ ನಟನೆ ಚಿತ್ರದೊಳಗೆ ಕರಗಿಬಿಡುತ್ತದೆ. ನೋಡಿದವರು ಚಿತ್ರ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಆ ಚೆಂದದಲ್ಲಿ ನಟಿಯ ಪಾಲನ್ನು ಬೇರೆಯಾಗಿ ಎಣಿಸುವುದಿಲ್ಲ.

ತೆರೆಯ ಆಚೆ

ಸ್ನೇಹಲತಾ ರೆಡ್ಡಿಯವರಿಗೆ ಪ್ರಶಸ್ತಿಗಾಗಿ ಕಾಯುವ ಕಾಲವೂ ಉಳಿಯಲಿಲ್ಲ. ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976ರ ಮೇ 2ರಂದು, ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಅವರನ್ನು ಬಂಧಿಸಿದರು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಒಡನಾಟವೇ ಅದಕ್ಕೆ ಮೂಲ. ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳು ಕಳೆದರು. ತೀವ್ರ ಅಸ್ತಮಾ ಇದ್ದ ಅವರಿಗೆ ಬೇಕಾದ ಚಿಕಿತ್ಸೆ ಸಿಗಲಿಲ್ಲ. ಜೊತೆಯಲ್ಲಿದ್ದ ಹೆಣ್ಣು ಕೈದಿಗಳ ಊಟ, ಮರ್ಯಾದೆಗಾಗಿ ಅಲ್ಲೂ ದನಿ ಎತ್ತಿದರು, ದಿನಚರಿ ಬರೆದರು. ದೇಹ ಪೂರ್ತಿ ಸೊರಗಿದ ಮೇಲೆ 1977ರ ಜನವರಿ 15ರಂದು ಪರೋಲ್ ಮೇಲೆ ಬಿಟ್ಟರು. ಐದೇ ದಿನಕ್ಕೆ, ಜನವರಿ 20ರಂದು ತೀರಿಕೊಂಡರು.

ಅಗ್ರಹಾರದ ಅಂಗಳದಲ್ಲಿ ತೀರ್ಪಿಗಾಗಿ ಕಾದು ನಿಂತ ಚಂದ್ರಿಯನ್ನು ಇದು ತಿಳಿದ ಮೇಲೆ ನೋಡುವುದು ಬೇರೆಯೇ ಅನುಭವ. ಆ ನಿಲುವಿನಲ್ಲಿದ್ದ ಗಟ್ಟಿತನ ಅವರು ಪಾತ್ರಕ್ಕೆಂದು ಎರವಲು ತಂದದ್ದಲ್ಲ, ಅವರದೇ.

ಅಡಿಕೆ ಚಪ್ಪರದ ಆ ರಾತ್ರಿಗೆ ಮರಳುತ್ತೇನೆ. ದೊಡ್ಡಪ್ಪ ಸುಮ್ಮನೆ ಬಿಡಲಿಲ್ಲ. "ಅವಳು ಮಾಡಿದ್ದಾದ್ರೂ ಎಂತದು ಮಾರಾಯ್ತಿ? ಬಂದ್ಲು, ನಿಂತ್ಲು, ಹೋದ್ಲು" ಎಂದರು.

ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಯ ಜಗಲಿಯಲ್ಲಿ ಬಾಳು ಸವೆಸಿದ ಅತ್ತೆ ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿದರು. "ಚಿನ್ನ ಬಿಚ್ಚಿ ಇಟ್ಲಲ್ಲ ಅಣ್ಣಯ್ಯ, ಆಗ ಅವಳ ಮುಖ ನೋಡಿದ್ಯ? ಕೊಟ್ಟೆ ಅನ್ನೋದು ಒಂಚೂರೂ ಇರ್ಲಿಲ್ಲ ಅದ್ರಲ್ಲಿ. ಹಂಗೆ ಕೊಡೋದು ಎಷ್ಟು ಕಷ್ಟ ಅಂತ ನಂಗೊತ್ತು."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಮೆಟ್ಟುಗತ್ತಿಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ದೊಡ್ಡಪ್ಪ, ಎದ್ದು ಹೋಗಿ ಗ್ಯಾಸ್‌ಲೈಟಿಗೆ ಗಾಳಿ ಹಾಕಿ ಬಂದು, ಅದನ್ನು ಅತ್ತೆ ಕೂತಿದ್ದ ತುದಿಗೆ ಹತ್ತಿರವಾಗಿ ತೂಗುಹಾಕಿದರು.